ಖಾಲಿ ಡಬರಿ

ಮೂವತ್ತೇಳನೆಯ ಫೋಟೋಕ್ಕೆ ಕಂಪ್ಯೂಟರ್ ಮತ್ತೆ ನಿಂತಿತು. ಬೆಳಗಿನಿಂದ ಇದು ಮೂರನೆಯ ಸಲ. "ಇದರ ಮನಿ ಹಾಳಾಗ!" ಎಂದು ಅರ್ಚನಾ ಮೇಜು ಗುದ್ದಿದಳು. ಗಂಟೆ ನಾಲ್ಕಾಗಿತ್ತು.

ಕೊಟ್ಟೂರಿನ ಸುತ್ತಲಿನ ಅರವತ್ತನಾಲ್ಕು ಹೆಂಗಸರು ಈ ವರ್ಷ ಹತ್ತನೆಯ ತರಗತಿ ಪರೀಕ್ಷೆಗೆ ಕಟ್ಟುತ್ತಿದ್ದರು. ಪಾಠ ಹೇಳಿದವಳು ಅರ್ಚನಾ. ಐದರೊಳಗೆ ಎಲ್ಲರ ಫೋಟೋ ಐವತ್ತು ಕೆಬಿಗೆ ಇಳಿದು ಅರ್ಜಿಯ ಜೊತೆ ಹೋಗಬೇಕು; ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಒಂದೊಂದೇ ಯಾರು ಮಾಡುತ್ತಾರೆ ಎಂದು ಜಂಬದಿಂದ ತಾನೇ ಒಂದು ಪ್ರೋಗ್ರಾಂ ಬರೆದಿದ್ದಳು. ಪಟ್ಟಿಯ ಕೊನೆಯ ಹೆಸರು ಅವಳ ಅತ್ತೆ ಕಲ್ಯಾಣಮ್ಮನದು. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು, ಐವತ್ತಾರನೆಯ ವಯಸ್ಸಿಗೆ ಮತ್ತೆ ಪುಸ್ತಕ ಹಿಡಿದ ಹೆಂಗಸು.

"ಅತ್ತಿ, ನಿಮ್ದೊಂದು ಮೊದ್ಲ ಕೈಲೇ ಮಾಡಿಬಿಡ್ತೀನ್ರಿ."

"ಬ್ಯಾಡ. ಎಲ್ಲಾರದೂ ಆಗ್ಲಿ, ಆಮ್ಯಾಲ ನಂದು. ಎದುರುಮನಿ ಪಾಲಮ್ಮಂದು ಉಳಿದು ನಂದು ಹೋದ್ರ, ಆಕಿಗೆ ಹೆಂಗ ಮಾರಿ ತೋರಿಸ್ಲಿ?" ಅಡುಗೆಮನೆಯಿಂದ ಉತ್ತರ ಬಂತು. ಹಿಂದೆಯೇ ಪಾತ್ರೆಗಳು ದಡಬಡ ಬಿದ್ದವು.

ಅರ್ಚನಾ ಓಡಿದಳು. ಕಲ್ಯಾಣಮ್ಮ ತೊಳೆದ ಬೋಗುಣಿ ಹಿಡಿದು ನಿಂತಿದ್ದರು. ಅದನ್ನಿಡಲು ಶೆಲ್ಫಿನಲ್ಲಿ ಜಾಗವೇ ಇರಲಿಲ್ಲ.

"ಇವೆಲ್ಲ ಯಾರವ್ರೀ?"

"ಈ ಡಬರಿ ಪಾಲಮ್ಮಂದು, ಹುಗ್ಗಿ ಕೊಟ್ಟಿದ್ಲು. ಆ ಡಬ್ಬಿ ಸುಮಲತಂದು. ಇನ್ನೂ ಐದು ಅದಾವ."

"ಉಂಡು ತಿಂಗಳಾತಲ್ರೀ. ವಾಪಸ್ ಕೊಡಬಾರ್ದ?"

"ಖಾಲಿ ಹೆಂಗ ಕೊಡಾದವಾ? ಏನರ ಮಾಡಿದಾಗ ಹಾಕಿ ಕೊಟ್ರಾತಂತ ಇಟ್ಟೀನಿ. ಓದಾದ್ರಾಗ ಏನೂ ಮಾಡಾಕ ಆಗಿಲ್ಲ."

ಅರ್ಚನಾ ಶೆಲ್ಫನ್ನೇ ನೋಡುತ್ತ ನಿಂತಳು. ಪ್ರತಿ ಫೋಟೋಕ್ಕೂ ಅವಳ ಪ್ರೋಗ್ರಾಂ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದಿಷ್ಟು ಜಾಗ ಕಡ ಪಡೆಯುತ್ತಿತ್ತು. ಕೆಲಸ ಮುಗಿದು ಫೈಲು ಮುಚ್ಚಿದರೆ ಜಾಗವೂ ತಾನಾಗಿ ತೆರವಾದೀತು ಎಂದುಕೊಂಡಿದ್ದಳು. ಎಲ್ಲಿ ಆಗುತ್ತದೆ? ಮೂವತ್ತಾರು ಫೋಟೋಗಳ ಜಾಗ ಹಾಗೇ ಪೇರಿಸಿಕೊಂಡು ಕೂತಿತ್ತು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎನ್ನುತ್ತ ಓಡಿಹೋಗಿ, ಒಂದೊಂದು ಫೋಟೋ ಮುಗಿದ ಕೂಡಲೇ ಕಡ ತಂದ ಜಾಗವನ್ನೆಲ್ಲ ಒಟ್ಟಿಗೆ ವಾಪಸ್ ಕೊಡುವ ಒಂದೇ ಒಂದು ಸಾಲು ಸೇರಿಸಿದಳು. ಹಳೆಯ ಕಂಪ್ಯೂಟರ್ ಮತ್ತೆ ಶುರುವಾಗಲು ಇಪ್ಪತ್ತು ನಿಮಿಷ ತಿಂದಿತು. ಅತ್ತೆ ಸೊಸೆ ಇಬ್ಬರೂ ಪರದೆಯ ಮುಂದೆ ಕೂತರು.

ಮೂವತ್ತಾರು. ಮೂವತ್ತೇಳು. ಮೂವತ್ತೆಂಟು.

"ದಾಟಿತು!" ಕಲ್ಯಾಣಮ್ಮ ಸೊಸೆಯ ತೋಳು ಚಿವುಟಿದರು.

ಐದಕ್ಕೆ ಹನ್ನೆರಡು ನಿಮಿಷ ಇರುವಾಗ ಅರವತ್ತನಾಲ್ಕನೆಯದು ಬಂತು. ಇಳಕಲ್ ಸೀರೆ, ಹಣೆತುಂಬ ವಿಭೂತಿ, ಕ್ಯಾಮೆರಾ ಕಂಡು ಅರಳಿದ ಕಣ್ಣು. ಅರ್ಜಿಗಳೆಲ್ಲ ಹೋದವು. ಕಲ್ಯಾಣಮ್ಮ ಪರದೆಗೆ ಮುಖ ಹತ್ತಿಸಿ ನೋಡಿದರು.

"ಇಷ್ಟು ಹಿಂಡಿದ್ರೂ ನಾ ಹಂಗೇ ಅದೀನಲ್ಲೇ!"

"ನಿಮ್ಮನ್ನ ಯಾರು ಸಣ್ಣ ಮಾಡ್ತಾರ್ರೀ ಅತ್ತಿ?" ಎಂದಳು ಅರ್ಚನಾ. ಈ ಹೆಂಗಸಿನ ಮೇಲೆ ಅವಳಿಗೆ ವಿಪರೀತ ಪ್ರೀತಿ.

ಕಲ್ಯಾಣಮ್ಮ ಒಳಗೆ ಹೋಗಿ ಏಳೂ ಪಾತ್ರೆಗಳನ್ನು ಸಾಲಾಗಿ ಇಳಿಸಿದರು. ಒಂದೊಂದಕ್ಕೂ ಒಂದೊಂದು ಹಿಡಿ ಸಕ್ಕರೆ ಹಾಕಿದರು. ಪಾಲಮ್ಮನ ಡಬರಿಗೆ ಮಾತ್ರ ಎರಡು ಹಿಡಿ. ಅದರ ಮೇಲೆ ಸೆರಗು ಮುಚ್ಚಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಎದುರುಮನೆಯ ಕಡೆಗೆ ಬೀದಿ ದಾಟಿದರು.