ಪೂರ್ತಿ ತಿಳಿದ ಮೇಲೆ

ತೀರಿಕೊಂಡ ಗಂಡನ ಹಣೆಗೆ ಇಡಲು ರಾಜಾಮಣಿ ಚಿಟಿಕೆ ವಿಭೂತಿ ಎತ್ತಿದಳು. ಕ್ರೈಸ್ತ ಸಭೆಯ ಬೋಧಕರು ಕೈ ಅಡ್ಡ ಹಿಡಿದು “ವೇಂಡಾಮ್ಮಾ” ಎಂದರು.

ಬಾಗಿಲಲ್ಲಿ ನಿಂತಿದ್ದ ಮೈದುನ ಶಣ್ಮುಗಂ ಸಿಡುಕಿದ. “ಹಂಗಾದ್ರೆ ನಮ್ ಕುಲದ ಸುಡುಗಾಡ್ನಾಗೆ ಜಾಗ ಇಲ್ಲ ಅತ್ತಿಗೆ. ದೊಡ್ಡೋರು ಹೇಳ್‌ಬಿಟ್ರು. ಎರಡ್ ದೋಣೀಲಿ ಕಾಲಿಡಾಕಾಗತ್ತಾ?”

ವಿಭೂತಿ ಇಟ್ಟರೇನು, ಬಿಟ್ಟರೇನು. ರಾಜಾಮಣಿಗೆ ಬೇಕಾಗಿದ್ದುದು ವೇಲುಸಾಮಿಯನ್ನು ಮಗಳು ಧರಣಿಯ ಪಕ್ಕದಲ್ಲಿ ಮಲಗಿಸುವುದು ಮಾತ್ರ. ನಾಲ್ಕು ವರ್ಷದ ಕೂಸು ಜ್ವರದಲ್ಲಿ ಹೋಗಿ ಒಂದು ತಲೆಮಾರೇ ಕಳೆದಿತ್ತು. ಅದು ಕುಲದ ಸುಡುಗಾಡಿನಲ್ಲಿದೆ. ಇವನಿಗೆ ಹೆದ್ದಾರಿಯ ಪಕ್ಕ, ಸಭೆಯವರ ಜಾಗದಲ್ಲಿ ಗುಂಡಿ ತೋಡಿಯಾಗಿತ್ತು.

*

ಕೂಸು ಹೋದ ಮೇಲೆ ಅವಳು ಗಂಡನನ್ನು ಕೇಳಿದ್ದಳು, “ನಾವ್ ಸತ್ತ್‌ಮೇಲೆ ಪಾಪ್ಪಾ ನಮ್ಗೆ ಸಿಗ್ತಾಳಾ?”

ಆ ಉತ್ತರ ಹುಡುಕಿಕೊಂಡೇ ವೇಲುಸಾಮಿ ಸಭೆಯ ಮೆಟ್ಟಿಲು ಹತ್ತಿದ್ದು. ದೀಕ್ಷಾಸ್ನಾನ ಮಾಡಿಸಿಕೊಂಡ, ಕೊಯಮತ್ತೂರಿಗೆ ಹೋಗಿ ಬೈಬಲ್ಲಿನ ವೇದಪಾಠದಲ್ಲಿ ಕೂತ, ಮಗ್ಗದ ಪಕ್ಕದಲ್ಲೇ ಪುಸ್ತಕ ಇಟ್ಟುಕೊಂಡ. ಇವಳು ಕೇಳಿದಾಗಲೆಲ್ಲ ಒಂದೇ ಮಾತು.

“ಹಾಸು ಪೂರ್ತಿ ಸೇರಿಸ್ದೆ ಲಾಳಿ ಎಸಿಯಾಕಾಗತ್ತೇನೇ? ಒಂದ್ ಎಳೆ ಬಿಟ್ರೂ ಸೀರೆ ಕೆಡತ್ತೆ. ಪೂರ್ತಿ ತಿಳ್ಕೊಂಡು ಹೇಳ್ತೀನಿ, ಇರು.”

ನೇಕಾರನಿಗೆ ತಕ್ಕ ಮಾತೇ. ಸೀರೆಯ ವಿಷಯದಲ್ಲಿ ಸರಿಯೂ ಹೌದು. ಕಾದು ಕೂತವಳು ಸೀರೆಯಲ್ಲ ಎಂಬುದೊಂದು ಆ ಮಹಾರಾಯನಿಗೆ ಹೊಳೆಯಲಿಲ್ಲ. ಊರವರ ಮಕ್ಕಳಿಗೆ ಪಾಠ ಹೇಳಿ ‘ವಾತಿಯಾರ್’ ಎನಿಸಿಕೊಂಡ. ಮನೆಗೆ ಬಂದರೆ ಬಾಯಿಗೆ ಬೀಗ. ದೀಪದ ಬುಡದಲ್ಲೇ ಕತ್ತಲೆ. ಅವಳು ಕೇಳಿ ಕೇಳಿ ಸೋತು, ಕೇಳುವುದನ್ನೇ ಬಿಟ್ಟಳು.

*

“ನಮ್ಮ ವಾತಿಯಾರ್ ಜ್ಞಾನದ ಕಡಲು” ಎಂದು ಬೋಧಕರು ತಮಿಳಿನಲ್ಲಿ ಹೇಳುತ್ತಿದ್ದರು. ಅವನ ಬಳಿ ವೇದ ಕಲಿತ, ಅದೇ ಬೀದಿಯ ಕಾರ್ತಿಕಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ರಾಜಾಮಣಿ ಅವಳ ಪಕ್ಕಕ್ಕೆ ಸರಿದಳು.

“ಏನೂ ತಿಳೀದ ಪಾಪ್ಪಾಗಳು ಸತ್ರೆ ಏನಾಗ್ತವೆ ಅಂತ ನಿಂಗೇನಾದ್ರೂ ಹೇಳಿದ್ರಾಮ್ಮಾ?”

“ನಾನೇ ಒಂದ್ ದಿನ ಕೇಳ್ದೆ ಅಕ್ಕಾ. ‘ಎಷ್ಟ್ ಓದಿದ್ರೂ ಅದೊಂದ್ ತಿಳೀಲಿಲ್ಲಮ್ಮಾ’ ಅಂತ ಅತ್‌ಬಿಟ್ರು.”

“ನಿನ್ ಮುಂದೆ ಅತ್ರಾ?”

ಕಾರ್ತಿಕಾ ತಲೆಯಾಡಿಸಿದಳು. ರಾಜಾಮಣಿ ಗಂಡನ ಮುಖದ ಕಡೆ ತಿರುಗಿದಳು.

“ತಿಳೀದು ಅಂತ ನನ್ ಹತ್ರ ಒಂದ್ ಮಾತ್ ಹೇಳಿದ್ರೆ ಸಾಕಾಗಿತ್ತು. ಇಬ್ರೂ ಕೂತ್ಕೊಂಡ್ ಅಳ್ತಿದ್ವು.”

*

ಬೀದಿಯ ತಿರುವಿನಲ್ಲಿ ಕುಲದ ಹೆಂಗಸರು ನಿಂತರು. ಹೆಣದ ಹಿಂದೆ ಅವರು ಹೋಗುವುದು ಅಲ್ಲಿಯವರೆಗೇ. ಸಭೆಯ ಹೆಂಗಸರು ಹಾಡುತ್ತ ಗಾಡಿಯ ಹಿಂದೆ ಎಡಕ್ಕೆ ತಿರುಗಿದರು. ಕಾರ್ತಿಕಾ “ಬನ್ನಿ ಅಕ್ಕಾ” ಎಂದು ಕೈ ಚಾಚಿದಳು.

ರಾಜಾಮಣಿ ಗಾಡಿಯಿಂದ ಉದುರಿದ ಸೇವಂತಿಗೆಯನ್ನು ಸೆರಗಿಗೆ ಆಯ್ದುಕೊಂಡು ಬಲಕ್ಕೆ, ಕುಲದ ಸುಡುಗಾಡಿನತ್ತ ನಡೆದಳು. ಗಂಡನಿಗಾಗಿ ಕಾದದ್ದು ಸಾಕಾಗಿತ್ತು. ಮಗಳ ಹತ್ತಿರವಾದರೂ ಹೋಗಬೇಕು.

“ಅತ್ತಿಗೆ, ಹೆಣ್ಮಕ್ಳು ಹೋಗಾಕಿಲ್ಲ ಅಲ್ಲಿ!” ಎಂದು ಶಣ್ಮುಗಂ ಓಡಿ ಬರುವಷ್ಟರಲ್ಲಿ ಅವಳು ಒಳಗೆ ನಿಂತಿದ್ದಳು. ನೆಲದ ತುಂಬ ಜಾಲಿಯ ಪೊದೆ.

“ಪಾಪ್ಪಾನ್ನ ಎಲ್ಲಿ ಇಟ್ಟಿದ್ದು? ತೋರ್ಸು.”

“ನಂಗೆಂಗ್ ತಿಳಿಯತ್ತೆ? ನಾನಾಗ ತಿರುಪ್ಪೂರ್ ಮಿಲ್ನಾಗೆ ಇದ್ದೆ. ಅಣ್ಣಾನೇ ಎತ್ಕೊಂಡ್ ಬಂದು, ಅಣ್ಣಾನೇ ಮುಚ್ಚಿದ್ದು. ಕಲ್ಲೂ ನೆಡ್ಲಿಲ್ಲ. ಅವ್ರೊಬ್ರಿಗೇ ತಿಳಿದಿದ್ದು ಅತ್ತಿಗೆ.”

ಹೆಂಗಸು ಕಾಲಿಡದ ಜಾಗವೆಂದು ಇದನ್ನು ಮಾತ್ರ ಅವಳು ಗಂಡನನ್ನು ಎಂದೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ, ಇದಕ್ಕೆ ಓದಬೇಕಾಗಿರಲಿಲ್ಲ.

ಅವಳು ಹತ್ತಿರದ ಪೊದೆಯ ಬುಡಕ್ಕೆ ಒಂದು ಹೂ ಇಟ್ಟಳು. ಮುಂದೆ ಹೋಗಿ ಇನ್ನೊಂದು. ಆಚೆಗೆ ಮತ್ತೊಂದು. ಸೆರಗು ಬರಿದಾಯಿತು. ನೆಲ ಇನ್ನೂ ಬಹಳ ಉಳಿದಿತ್ತು.