ಒಂದು ಕಿಡಿಯೂ ಇಲ್ಲದ ಕಾಡು

೧

ಎಲ್ಲಿಂದ ಶುರು ಮಾಡಲಿ? ಬೆಂಕಿಯಿಂದ ಶುರು ಮಾಡಿದರೆ ನೀವು ಓದುತ್ತೀರಿ. ಸರ್ಕ್ಯುಲರಿನಿಂದ ಶುರು ಮಾಡಿದರೆ ಪುಟ ಮಗುಚುತ್ತೀರಿ. ಆದರೆ ಈ ಕಥೆಯಲ್ಲಿ ಸರ್ಕ್ಯುಲರೇ ಮೊದಲು ಬಂತು, ನಾನೇನು ಮಾಡಲಿ?

‘ಸಿಂದಗಾವದ ತೇಗದ ಕಾಡಿನ ಮೇಲೆ ಮುಂಜಾನೆಯ ಮಂಜು ಹಬ್ಬಿತ್ತು...’

(ಫೆಬ್ರವರಿಯಲ್ಲಿ ನಮ್ಮ ವಿದರ್ಭದಲ್ಲಿ ಮಂಜಂತೆ! ಹರಿದು ಹಾಕಿದೆ.)

೨

ನಾನು ಮುರಳೀಧರ ಠೇಂಗರೆ, ಸಿಂದಗಾವ್ ಅರಣ್ಯ ವಿಭಾಗದ ಕಚೇರಿಯಲ್ಲಿ ಹೆಡ್ ಕ್ಲರ್ಕು. ಎಲ್ಲರೂ ಬಡೇಬಾಬು ಅನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ಒಂಬತ್ತು ಸಾಹೇಬರನ್ನು ಕಂಡಿದ್ದೇನೆ. ಬಂದವರೆಲ್ಲರಿಗೂ ಕುರ್ಚಿಗಿಂತ ಮೊದಲು ಒಂದು ಧ್ಯೇಯ ಬೇಕು. ಒಬ್ಬರಿಗೆ ಬಿದಿರು, ಒಬ್ಬರಿಗೆ ಹುಲಿ, ಇನ್ನೊಬ್ಬರಿಗೆ ಪ್ರವಾಸಿಗರು. ಕಾಡು ಮಾತ್ರ ಇದ್ದಲ್ಲೇ ಇದೆ, ಯಾರ ಧ್ಯೇಯವನ್ನೂ ಓದಿಲ್ಲ.

ಡಿಸೆಂಬರಿನಲ್ಲಿ ದೇಶ್ಕರ್ ಸಾಹೇಬರು ಬಂದರು. ಒಳ್ಳೆಯವರು. ಆರು ವರ್ಷಗಳಿಂದ ಬಾರದ ಬೂಟುಗಳನ್ನು ಒಂದೇ ತಿಂಗಳಲ್ಲಿ ಗಾರ್ಡುಗಳಿಗೆ ತರಿಸಿಕೊಟ್ಟರು. ನನ್ನನ್ನು ಕರೆದು, “ಠೇಂಗರೆ, ಕಾಡಿನ ಬೆಂಕಿ ಕಡಿಮಿ ಆಗಬೇಕು. ಅದ ನಮ್ಮ ಧ್ಯೇಯ. ಒಂದು ಛಲೋ ವಾಕ್ಯ ಬರದು ಕೊಡ್ರಿ,” ಅಂದರು.

ದೀಪಾವಳಿ ಸಂಚಿಕೆಗಳಲ್ಲಿ ಎರಡು ಕವಿತೆ ಅಚ್ಚಾದ ಮನುಷ್ಯ ನಾನು. ‘ಬೆಂಕಿ ಕಡಿಮೆ ಮಾಡೋಣ’ ಎಂದು ಬರೆದರೆ ಕೈ ನೋಯುವುದಿಲ್ಲವೇ? ‘ಒಂದು ಕಿಡಿಯೂ ಇಲ್ಲದ ಕಾಡು’ ಎಂದು ಬರೆದೆ. ಸಾಹೇಬರು ಎದ್ದು ನಿಂತು ಕೈ ಕುಲುಕಿದರು. ವಾರದೊಳಗೆ ಸರ್ಕ್ಯುಲರ್ ಹೊರಟಿತು: ಈ ವಿಭಾಗದಲ್ಲಿ ಯಾರೂ, ಯಾವ ಕಾರಣಕ್ಕೂ, ಬೆಂಕಿ ಹಚ್ಚತಕ್ಕದ್ದಲ್ಲ.

೩

(ಇಲ್ಲೊಂದು ವಿವರಣೆ. ಬೇಜಾರಾದರೂ ಓದಿ, ನಾನು ಬೇಜಾರಿನಲ್ಲೇ ಬರೆಯುತ್ತಿದ್ದೇನೆ.)

ಪ್ರತಿ ವರ್ಷ ಫೆಬ್ರವರಿ ಹದಿನೈದರೊಳಗೆ ಕಾಡಿನ ಅಂಚಿಗೆ ಒಂದು ಅಗಲವಾದ ಗೆರೆ ಕಡಿದು, ಅದರಲ್ಲಿ ಬಿದ್ದ ಎಲೆಯನ್ನು ನಾವೇ ಸುಡುತ್ತೇವೆ. ಅದು ಬೆಂಕಿರೇಖೆ. ಮುಂದೆ ಹಿಪ್ಪೆ ಹೂ ಉದುರುವ ಕಾಲಕ್ಕೆ ಗುಡ್ಡದಾಚೆಯವರು ಆರಿಸಿಕೊಳ್ಳಲು ಹೂ ಕಾಣಲೆಂದು ಮರದ ಬುಡದ ಎಲೆಗೆ ಕಡ್ಡಿ ಗೀರುತ್ತಾರೆ. ಆ ಬೆಂಕಿ ಗುಡ್ಡ ಹತ್ತಿ ಇಳಿದು ರೇಖೆಗೆ ಬಂದಾಗ ತಿನ್ನಲು ಏನೂ ಸಿಗದೆ ಅಲ್ಲೇ ಸಾಯುತ್ತದೆ.

ಈಗ ಉಪಗ್ರಹವೊಂದು ಮಧ್ಯಾಹ್ನ ಒಂದೂವರೆಗೆ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಆಗ ಉರಿಯುತ್ತಿರುವ ಜಾಗಗಳೆಲ್ಲ ಸಾಹೇಬರ ಮೊಬೈಲಿನಲ್ಲಿ ಕೆಂಪು ಚುಕ್ಕಿಯಾಗುತ್ತವೆ. ಕಾಡು ಸುಡುವ ಬೆಂಕಿ ಯಾವುದು, ಕಾಡು ಕಾಯುವ ಬೆಂಕಿ ಯಾವುದು, ಅದಕ್ಕೇನು ಗೊತ್ತು? ಹಾಗಾಗಿ ಈ ವರ್ಷ ರೇಖೆ ಕಡಿದದ್ದಾಯಿತು, ಸುಟ್ಟಿಲ್ಲ.

೪

ಚಂದ್ರಕಲಾ ಪೇಂದಾಮ್ ಒಳಗೆ ಬಂದಳು. ಕುಕಡಬೋಡಿ ಬೀಟಿನ ಕಾಡು ಕಾಯುವ ಗಾರ್ಡು, ಅದೇ ಊರಿನವಳು. ರೇಖೆಯ ಈಚೆಗೇ ಇರುವ ಆ ಊರಿನ ಮೂವತ್ತು ಮನೆಗೂ ಹುಲ್ಲಿನ ಸೂರು.

“ಬಡೇಬಾಬು, ಕತಿ ಬರ್ಯಾಕತ್ತೀರಂತ?”

“ಹೂಂ. ನೀನೂ ಅದೀ ಅದರಾಗ.”

“ಹಂಗಾರ ಸಾಹೇಬ್ರ ಕಡೆ ಒಂದು ಸಹಿ ಹಾಕಸ್ರಿ. ಇವತ್ತು ಹನ್ನೆರಡು. ಹುಲಿ ಸಾಹೇಬ್ರು ಇದ್ದಾಗ ರೇಖಿ ಸುಡಾಕ ತಡ ಆಗಿ ಹನ್ನೊಂದು ಮನಿ ಹೋದ್ವು. ಕಟ್ಟಿದ ಎತ್ತು ಕಟ್ಟಿದಂಗ ಸುಟ್ವು. ನಾನ ನೋಡೀನಿ.”

ಸರಿ ಎಂದು ಎರಡನೆಯ ಕರಡು ಬರೆದೆ. ಸಾಹೇಬರು ಕುಕಡಬೋಡಿಗೆ ಹೋಗುತ್ತಾರೆ, ಅಲ್ಲಿನ ಅಜ್ಜಿಯೊಬ್ಬಳು ಜೋಳದ ಭಾಕರಿ, ಕಡಲೆಹಿಟ್ಟಿನ ಝುಣಕಾ ಬಡಿಸುತ್ತಾಳೆ, ಸಾಹೇಬರ ಕಣ್ಣು ತುಂಬುತ್ತದೆ, ಸಹಿ ಬೀಳುತ್ತದೆ.

ಸಾಹೇಬರು ಕಥೆಯೊಳಗಿಂದಲೇ ಕೂಗಿದರು. “ಏನ್ರೀ ಠೇಂಗರೆ, ಭಾಕರಿ ತಿಂದು ಅಳೂ ಮನುಷ್ಯಾ ಏನು ನಾನು? ಮ್ಯಾಲಿನವರ ಸಭಾದಾಗ ಪರದೆ ಮ್ಯಾಲೆ ಎಲ್ಲಾ ವಿಭಾಗದ ಚುಕ್ಕಿ ತೋರಸ್ತಾರ. ನಂದೊಂದ ಸೊನ್ನಿ. ನಿಮ್ಮ ವಾಕ್ಯ ಓದಿ ಚಪ್ಪಾಳಿ ತಟ್ಟ್ಯಾರ. ಈಗ ನಾನ ಹೋಗಿ ಕಡ್ಡಿ ಗೀರ್ಲಿ?”

(ಪಾತ್ರಕ್ಕೆ ಬುದ್ಧಿ ಕೊಟ್ಟರೆ ಇದೇ ಗೋಳು.) ಹರಿದೆ.

ಮೂರನೆಯದು: ರೇಖೆ ಸುಡಲಿಲ್ಲ. ಏಪ್ರಿಲಿನಲ್ಲಿ ಬೆಂಕಿ ಇಳಿದು ಬಂತು. ಬೂದಿಯ ನಡುವೆ ನಿಂತು ಸಾಹೇಬರು ಪಶ್ಚಾತ್ತಾಪ ಪಟ್ಟರು. ಇದು ಚೆನ್ನಾಗಿ ಬರುತ್ತಿತ್ತು, ಸುಳ್ಳೇಕೆ ಹೇಳಲಿ.

“ಯಾರ ಮನಿ ಸುಡ್ತೀರಿ?” ಚಂದ್ರಕಲಾ ಮೇಜಿನ ಮೇಲೆ ಬಗ್ಗಿದಳು. “ಹೆಸರು ಹೇಳ್ರಿ. ನಿಮ್ಮ ಕತಿಗೆ ಕೊನಿ ಬೇಕಂತ ನಮ್ಮೂರು ಸುಡಬೇಕೇನು?”

ಅದನ್ನೂ ಹರಿದೆ.

“ಹಂಗಾರ ನೀನ ಒಬ್ಬಾಕಿ ಹೋಗಿ ಸುಡು. ಸಸ್ಪೆಂಡ್ ಆಗ್ತಿ. ಓದೋರು ಕಣ್ಣೀರು ಹಾಕ್ತಾರ.”

“ನಾ ಸಸ್ಪೆಂಡು, ನಿಮಗ ಶಾಲು. ಭಾಳ ಛಲೋ ಐತ್ರಿ ನಿಮ್ಮ ಧಂದೆ!” ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. “ಅಲ್ರೀ, ಆ ಕಿಡಿ ವಾಕ್ಯ ಬರೆದಾಂವ ಯಾರು? ಹೊರಗಿಂದ ಬಂದ ಸಾಹೇಬ್ರಿಗೆ ರೇಖಿ ಗೊತ್ತಿರಲಿಕ್ಕಿಲ್ಲ. ಇಲ್ಲೇ ಹುಟ್ಟಿದಾಂವ ಬರದಿದ್ರ ಅವನ ಬಾಯಾಗ ಮಣ್ಣ ಹಾಕ್ತೀನಿ.”

ನಿಮಗೆ ಹೇಳಿದ್ದೆ. ಅವಳಿಗೆ ಹೇಳಿರಲಿಲ್ಲ. ಆಗ ಹೇಳಿದೆ. ಅವಳು ಮಣ್ಣು ಹಾಕಲಿಲ್ಲ, ಹೊರಟುಹೋದಳು. ಹಾಕಿದ್ದರೇ ವಾಸಿಯಿತ್ತು.

೫

ಹದಿಮೂರರಂದು ಸಾಹೇಬರ ಕೋಣೆಗೆ ಹೋದೆ.

“ಸಾಹೇಬ್ರ, ಆ ವಾಕ್ಯ ತಪ್ಪೈತ್ರಿ. ಕಿವಿಗೆ ಇಂಪಾಗ್ಲಿ ಅಂತ ಬರದೆ, ಕಾಡು ನೆನಪಿರಲಿಲ್ಲ. ರೇಖಿ ಸುಡಾಕ ಸಹಿ ಹಾಕ್ರಿ.”

ಅವರು ಮೊಬೈಲನ್ನು ಮೇಜಿನ ಮೇಲೆ ಬೋರಲು ಇಟ್ಟರು. “ನಾ ಏನೂ ಬರದು ಕೊಡಂಗಿಲ್ಲ ಠೇಂಗರೆ. ನಾಳೆ ನಾಗಪುರದಾಗ ಮೀಟಿಂಗ್ ಐತಿ, ಹೊಂಟೀನಿ.” ಆಮೇಲೆ ಮೆಲ್ಲಗೆ, “ಗಾರ್ಡುಗಳ ಬೂಟು ಬೆಂಕಿಗೆ ತಡೀತಾವೇನು?” ಎಂದು ಕೇಳಿದರು.

(ಇದು ಹೌದೋ, ಅಲ್ಲವೋ? ಇಪ್ಪತ್ತೆರಡು ವರ್ಷ ಕಡತ ಓದಿದವನು ನಾನು, ನನಗೇ ತಿಳಿಯಲಿಲ್ಲ. ತಿಳಿದವರು ನನಗೂ ಹೇಳಿ.)

ಆದೇಶ ಬರೆದೆ: ಕುಕಡಬೋಡಿಯ ಬೆಂಕಿರೇಖೆಯನ್ನು ನಾಳೆ ಸುಡತಕ್ಕದ್ದು. ಒಂದೇ ಒಂದು ವಿಶೇಷಣ ಹಾಕಲಿಲ್ಲ. ಸಾಹೇಬರು ಸಹಿ ಹಾಕುವ ಜಾಗದಲ್ಲಿ ನನ್ನ ಹೆಸರು ಬರೆದೆ. ಹೆಡ್ ಕ್ಲರ್ಕಿಗೆ ಆ ಅಧಿಕಾರವಿಲ್ಲ. ನಿವೃತ್ತಿಗೆ ನಾಲ್ಕು ವರ್ಷವಿದೆ. ಭಯವಾಯಿತು, ಆಗಲಿಲ್ಲ ಎಂದು ಬರೆದರೆ ಚಂದ್ರಕಲಾ ನಗುತ್ತಾಳೆ.

ಅವಳು ಕಾಗದ ಎರಡು ಸಲ ಓದಿದಳು. “ಏನಾರ ಆದ್ರ ನಿಮ್ಮ ತಲಿ ಹೋಗ್ತೈತಿ.”

“ಗೊತ್ತೈತಿ.”

“ಹಂಗಾರ ನೀವೂ ಬರ್ರಿ.”

೬

ಹದಿನಾಲ್ಕು. ಎಲೆಯ ತೇವ ಆರಲು ಒಂಬತ್ತೂವರೆಯಾಯಿತು. ನಾಲ್ಕು ಕಿಲೋಮೀಟರ್ ರೇಖೆ, ಹತ್ತು ಜನ ಮತ್ತು ಒಬ್ಬ ಕ್ಲರ್ಕು. ಒಂದೂವರೆಯೊಳಗೆ ಸುಟ್ಟು ಆರಿಸಿಬಿಟ್ಟರೆ ಆಕಾಶಕ್ಕೆ ಏನೂ ಕಾಣದು. ನನ್ನ ಜೇಬಿನಲ್ಲಿ ಈ ಕಥೆಯ ವಹಿ, ನಿಂತಲ್ಲಿ ನಿಂತಲ್ಲಿ ಬರೆಯುತ್ತಿದ್ದೇನೆ.

ಈಗ ಒಂದೂ ಇಪ್ಪತ್ತು. ಇನ್ನೂ ಮುನ್ನೂರು ಮೀಟರ್ ಉರಿಯುತ್ತಿದೆ. ಗಾಳಿ ತಿರುಗಿದೆ.

ಚುಕ್ಕಿ ಬಿತ್ತೇ, ನನ್ನ ಕೆಲಸ ಹೋಯಿತೇ, ಸಾಹೇಬರು ನನ್ನನ್ನು ಬಿಟ್ಟುಕೊಟ್ಟರೇ ಎಂದು ಕೇಳುತ್ತೀರಿ. ಎಲ್ಲಕ್ಕೂ ಒಂದೊಂದು ಕೊನೆ ಬರೆಯಬಲ್ಲೆ, ಒಂದಕ್ಕಿಂತ ಒಂದು ಚೆಂದ. ಬರೆಯುವುದಿಲ್ಲ. ಚೆಂದ ಬರೆದು ಒಮ್ಮೆ ನೋಡಿಯಾಗಿದೆ.

“ಬಡೇಬಾಬು! ಆ ವಹಿ ಒಗೀರಿ! ಎಡಕ್ಕ, ಎಡಕ್ಕ ನೋಡ್ರಿ!” ಚಂದ್ರಕಲಾ ಕೂಗುತ್ತಿದ್ದಾಳೆ.

ಉರಿಯುವ ತೇಗದ ಎಲೆಯೊಂದು ರೇಖೆ ದಾಟಿ ಊರಿನ ಕಡೆಯ ಹುಲ್ಲಿನಲ್ಲಿ ಬಿದ್ದಿದೆ. ಅದಕ್ಕೆ ಹತ್ತಿರವಿರುವವನು ನಾನೇ. ಕೊನೆ ಬೇಕಾದವರು ಒಂದು ಹಸಿ ಕೊಂಬೆ ಮುರಿದುಕೊಂಡು ಬನ್ನಿ, ಬಡಿಯಲು ಆಳು ಸಾಲದು.