ಫಿಯಟ್ಟಿನ ಬೀಳ್ಕೊಡುಗೆ

ನನ್ನ ಫಿಯಟ್ಟನ್ನು ಯಾರಾದರೂ ಡಬ್ಬಾ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಅನ್ನುವವಳು ಮನೆಯಲ್ಲೇ ಇದ್ದರೆ ಏನು ಮಾಡುವುದು? ನನ್ನ ಹೆಂಡತಿ ಮಲ್ಲಕ್ಕನಿಗೆ ಅದು ಸವತಿ. ಟ್ಯಾಕ್ಸಿ ಓಡಿಸುವುದನ್ನು ಬಿಟ್ಟ ಮೇಲೆ ನಾನು ದಿನವಿಡೀ ಬಾನೆಟ್ಟಿನೊಳಗೇ ತಲೆ ಹಾಕಿಕೊಂಡಿರುತ್ತೇನೆಂದು ಅವಳ ದೂರು. "ನಮ್ಮ ಮನಿಯವ್ರಿಗಿ ಎರಡು ಸಂಸಾರ ಅದಾವ" ಎಂದು ಕಾಂದಿವಲಿಯ ನಮ್ಮ ಚಾಳಿನ ತುಂಬ ಹೇಳಿಕೊಂಡು ತಿರುಗಿದಳು.

ಕೊನೆಗೆ ಸೋತು, ಮಾರುತ್ತೇನೆ ಎಂದೆ. ಗೋರೆಗಾಂವಿನ ಹೋಟೆಲಿನವರ ಹುಡುಗ ನವೀನನಿಗೆ ಹಳೆಯ ಕಾರುಗಳ ಹುಚ್ಚು. ಭಾನುವಾರ ಬಂದು ಒಯ್ಯುತ್ತೇನೆಂದ. ಮಾತು ಕೊಟ್ಟಾಗಿತ್ತು.

ಕಳಿಸುವುದಾದರೆ ಚೆನ್ನಾಗಿ ಕಳಿಸಬೇಕಲ್ಲ! ಭಾನುವಾರ ಎದ್ದವನೇ ಪ್ಲಗ್ಗುಗಳನ್ನು ಬಿಚ್ಚಿ, ಮಸಿ ತೆಗೆದು, ಮತ್ತೆ ಕೂರಿಸಿದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ಪಾಯಿಂಟನ್ನು ಪಾಲಿಶ್ ಕಾಗದದಿಂದ ಉಜ್ಜಿದೆ. ಚಹಾ ತಂದ ಮಲ್ಲಕ್ಕ ಬಗ್ಗಿ ನೋಡಿದಳು.

"ಅದೇನ್ರಿ, ಅಷ್ಟು ಸಣ್ಣದಕ್ಕ ಇಷ್ಟು ತಿಕ್ಕಾಟ?"

"ಇದು ಗಾಡಿಯ ಜೀವ ಅದ. ಇದು ಇದ್ರನ ಪ್ಲಗ್ಗಿಗಿ ಕಿಡಿ" ಎಂದು ಹೇಳಿ ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಬಾನೆಟ್ಟಿಗೆ ಹೂವಿನ ಹಾರ ಬಿದ್ದಿತ್ತು. ಡಿಸ್ಟ್ರಿಬ್ಯೂಟರಿನ ಮುಚ್ಚಳವೂ ಮುಚ್ಚಿತ್ತು. ಧೂಳು ಬೀಳದಿರಲೆಂದು ಮುಚ್ಚಿದ್ದಾಳೆ, ಒಳ್ಳೆಯದೇ ಎಂದುಕೊಂಡು ಕ್ಲಿಪ್ ಒತ್ತಿದೆ.

ನವೀನ ಬಂದ. ಕೂತು ಕೀಲಿ ತಿರುಗಿಸಿದೆ. ಗರಗರ ಅಂದಿತೇ ಹೊರತು ಎಂಜಿನ್ ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ಊಹೂಂ! ಬ್ಯಾಟರಿಗೆ ಬೈದೆ, ಕಾಯಿಲ್‌ಗೆ ಬೈದೆ, ಪೆಟ್ರೋಲ್ ಹಾಕಿದವನಿಗೂ ಬೈದೆ.

"ಗುರಲಿಂಗಪ್ಪ ಅಂಕಲ್, ಟೆನ್ಶನ್ ಮತ್ ಲೇನಾ. ಟೋ ಮಾಡಿಸುವ" ಎಂದ ನವೀನ.

"ನನ್ನ ಗಾಡಿ ಹಗ್ಗ ಕಟ್ಟಿಸಿಕೊಂಡು ಹೋಗೂದಿಲ್ಲ!" ಎಂದು ರೇಗಿದೆ.

ಕೊನೆಗೆ ಮುಚ್ಚಳ ತೆಗೆದೆ. ಅಯ್ಯೋ ಶಿವನೇ! ಪಾಯಿಂಟಿನ ಎರಡು ತುದಿಗಳ ನಡುವೆ ಒದ್ದೆ ಮಾಡಿ ಹಚ್ಚಿದ ವಿಭೂತಿ ಒಣಗಿ ಗಟ್ಟಿಯಾಗಿ ಕೂತಿತ್ತು. ಅದರ ಮೇಲೊಂದು ಕುಂಕುಮದ ಬೊಟ್ಟು ಬೇರೆ. ಕರೆಂಟ್ ಎಲ್ಲಿಂದ ದಾಟಬೇಕು?

"ಮಲ್ಲೀ!" ಎಂದು ಚಾಳೇ ನಡುಗುವಂತೆ ಕೂಗಿದೆ.

"ಯಾಕ ಒದರ್ತೀರಿ? ಇದು ಜೀವ ಅಂದ್ರೆಲಾ ನೀವು. ಬಂಪರಿಗಿ ಹಚ್ಚಿ ಜೀವಕ್ಕ ಬಿಡ್ಲೇನು? ಮಗಳನ್ನ ಗಂಡನ ಮನಿಗಿ ಬರೇ ಹಣಿಲೆ ಕಳಸ್ತಾರೇನು?" ಎಂದವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಸವತಿ ಯಾವಾಗ ಮಗಳಾದಳೋ ನನಗೆ ತಿಳಿಯಲಿಲ್ಲ. ಸಿಟ್ಟೆಲ್ಲ ಇಳಿದುಹೋಯಿತು. ನವೀನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನು ವಿಭೂತಿ ಕೆರೆದು, ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಒರೆಸಿ, ಮುಚ್ಚಳ ಹಾಕಿ ಕೀಲಿ ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಹತ್ತಿತು.

ನವೀನ ಖುಷಿಯಿಂದ ಕಿಟಕಿಯ ಹತ್ತಿರ ಬಂದ. ಇನ್ನು ನಾನು ಇಳಿದು ಗಾಡಿ ಬಿಟ್ಟುಕೊಡಬೇಕು. ಸ್ಟೇರಿಂಗ್ ಹಿಡಿದುಕೊಂಡೇ ಕೂತೆ. ಅಷ್ಟರಲ್ಲಿ ಮಲ್ಲಕ್ಕ ಆ ಕಡೆಯ ಬಾಗಿಲು ತೆಗೆದು, ನನ್ನ ಪಕ್ಕದಲ್ಲಿ ಕೂತು, ಬಾಗಿಲನ್ನು ಧಡಾರನೆ ಹಾಕಿಕೊಂಡಳು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಖಡಕ್ಕಾಗಿತ್ತು.

"ನವೀನಪ್ಪಾ, ತಪ್ಪು ತಿಳಕೋಬ್ಯಾಡ, ಇದನ್ನ ಕೊಡೂದಿಲ್ಲ. ಹಿಂದ ಕುಂದ್ರು, ಸ್ಟೇಷನ್ನಿಗಿ ಬಿಡ್ತೀವಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನನ್ನ ಮಾರಿ ಏನ್ ನೋಡ್ತೀರಿ? ಮನ್ಯಾಗ ಕಾಯಿಪಲ್ಯ ಇಲ್ಲ. ಮಾರ್ಕೆಟಿಗಿ ನಡೀರಿ."